ಇನ್ನೂ ಬಿಟ್ಟಿಲ್ಲ, ತಾಳಿ

ಮೊನ್ನೆ ಮಂಗಳವಾರ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಬಿಳಿ ಕೋಲು, ಹೆಗಲಲ್ಲಿ ಬಟ್ಟೆಯ ಚೀಲ. ಮೆಟ್ಟಿಲನ್ನು ಕೋಲಿನಿಂದ ಎರಡು ಸಲ ತಟ್ಟಿ ಒಳಗೆ ಬಂದು, ಆಧಾರ್ ಕಾರ್ಡನ್ನು ಮುಂದೆ ಚಾಚಿ, "ಎರಡು ಜೆರಾಕ್ಸ್ ಕೊಡಿ" ಎಂದಳು. ಯಂತ್ರವನ್ನು ಆಗಷ್ಟೇ ಹಾಕಿದ್ದೆ. ಅದು ಕಾಯಲು ಒಂದು ನಿಮಿಷವಾದರೂ ಬೇಕು. "ಇನ್ನೂ ಬಿಸಿಯಾಗಿಲ್ಲ, ತಾಳಿ" ಎಂದೆ. ನಾನು ಅಂದದ್ದು ಅಷ್ಟೇ. ಅವಳ ಕತ್ತು ಒಂದು ಪಕ್ಕಕ್ಕೆ ವಾಲಿತು, ಕಿವಿ ನನ್ನ ಕಡೆಗೆ ತಿರುಗಿತು.

"ಇನ್ನೊಂದ್ಸಲ ಅನ್ನಿ."

"ಏನನ್ನಲಿ?"

"ತಾಳಿ ಅಂದ್ರಲ್ಲ, ಅದೇಯ. ನಿಮ್ಮ ದನಿ ನಂಗೆ ಗೊತ್ತು ಕಣ್ರೀ. ದಿನಾ ಕೇಳ್ತೀನಿ. 'ಇನ್ನೂ ಬಿಟ್ಟಿಲ್ಲ, ತಾಳಿ.' ಅದು ನೀವೇ ಅಲ್ವಾ?"

ಕಾರ್ಡು ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವಳು, ನಿಜ ಹೇಳುತ್ತೇನೆ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇದ್ದೆ. ಎದೆ ಹೊಡೆದುಕೊಳ್ಳುವುದು ಅವಳಿಗೆ ಕೇಳಿಸುತ್ತಿದೆಯೇನೋ ಅನ್ನಿಸಿತು. ಕಣ್ಣಿಲ್ಲದವರ ಕಿವಿ ಎಷ್ಟು ದೂರ ಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷದಿಂದ ನಾನು ಹೆದರಿಕೊಂಡಿದ್ದು ಆ ಕಿವಿಗೇ.

ಹೆದರಿಕೆ ನನಗೆ ಹೊಸದಲ್ಲ. ಹೊನ್ನವಳ್ಳಿಯ ಕಡೆ, ತೆಂಗಿನ ತೋಟದೊಳಗೇ ಇರುವ ಮನೆಯಲ್ಲಿ ಹುಟ್ಟಿದವಳು ನಾನು. ಅಲ್ಲಿ ಮಕ್ಕಳು ಅಂಬೆಗಾಲಿಡುವಾಗಲೇ ಮರದ ಕೆಳಗೆ ಆಡುತ್ತವೆ. ನಾನು ಮಾತ್ರ ತೋಟ ದಾಟುವಾಗ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಓಡುತ್ತಿದ್ದೆ. ಕಾಯಿ ಬಿದ್ದರೆ ಕೈ ಏನು ತಡೆದೀತು ಎಂದು ಅಣ್ಣಂದಿರು ನಗುತ್ತಿದ್ದರು. ಮಿಂಚಿಗೆ ಹೆದರುತ್ತಿದ್ದೆ, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗೆ ಹೆದರುತ್ತಿದ್ದೆ, ಬಸ್ಸಿನಲ್ಲಿ ಕಂಡಕ್ಟರು ನನ್ನನ್ನು ಮರೆತು ಸೀಟಿ ಊದಿಬಿಟ್ಟರೆ ಎಂದು ನನ್ನ ಸ್ಟಾಪು ಬರುವ ಮೂರು ಸ್ಟಾಪು ಮೊದಲೇ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಈಗಲೂ ನಿಲ್ಲುತ್ತೇನೆ. ತುರುವೇಕೆರೆಗೆ ಮದುವೆಯಾಗಿ ಬಂದು, ಬಸ್‌ಸ್ಟ್ಯಾಂಡಿನ ಬೀದಿಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಹಾಕಿದೆ. ಇದು ನಮ್ಮ ಮನೆಯವರ ಪ್ರಕಾರ ನನ್ನ ಜೀವನದ ಒಂದೇ ಧೈರ್ಯದ ಕೆಲಸ.

ತವರಿನಿಂದ ನಾನು ತಂದ ವಿದ್ಯೆ ಒಂದೇ. ಕಾಯಿ ಕೇಳುವುದು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆಂಬುದು ನಿಮಗೆ ಗೊತ್ತಿರಬಹುದು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪಿನಿಂದ ಬಿಡಬೇಕು. ಅವಸರ ಮಾಡಿ ಒಡೆದರೆ ಚಿಪ್ಪಿಗೆ ಅಂಟಿಕೊಂಡ ತಿರುಳು ಚೂರು ಚೂರಾಗಿ ಬರುತ್ತದೆ, ವರ್ಷದ ಕಾಯುವಿಕೆ ಮಣ್ಣುಪಾಲು. ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ನೀರಿದೆ. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಹಿಡಿದುಕೊಂಡಿದೆ. ಲೊಟಲೊಟ ಅಂದರೆ ಬಿಟ್ಟಿದೆ. ಅಜ್ಜಿ ಅಟ್ಟದ ಏಣಿಯ ಕೆಳಗೆ ನಿಂತು ಕೂಗುವಳು, "ಬುಡ್ತೇನೇ?" ನಾನು ಮೇಲಿಂದ, "ಇನ್ನೂ ಇಲ್ಲ ಕಣಜ್ಜಿ." ಇವತ್ತಿಗೂ ನನ್ನ ಕೈಗೆ ಮುಚ್ಚಿದ ವಸ್ತು ಯಾವುದು ಸಿಕ್ಕರೂ ಅದು ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ. ಮಾತ್ರೆಯ ಡಬ್ಬಿ, ಬೆಂಕಿಪೆಟ್ಟಿಗೆ, ಗ್ಯಾಸಿನ ಲೈಟರು. ಈ ಚಾಳಿಯನ್ನು ನೆನಪಿಡಿ. ಎಲ್ಲ ಹಾಳಾದದ್ದು ಇದರಿಂದಲೇ.

ಪರಮೇಶಣ್ಣ ಮೊದಲ ಸಲ ಅಂಗಡಿಗೆ ಬಂದಾಗ ನನಗೆ ಮೂವತ್ತೈದು, ಅವರಿಗೆ ನಲವತ್ತು ಇರಬಹುದು. ದಬ್ಬೇಘಟ್ಟದ ಹತ್ತಿರದ ಒಂದು ಹಳ್ಳಿಯವರು. ಡಿ.ಎಡ್ ಮುಗಿಸಿ, ತಿಪಟೂರಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸದಲ್ಲಿದ್ದರಂತೆ. ಮೂವತ್ತೈದು ದಾಟಿದ ಮೇಲೆ ಕಣ್ಣಿನ ನರ ಒಣಗುತ್ತಾ ಬಂದು, ಎರಡು ವರ್ಷದಲ್ಲಿ ಪೂರ್ತಿ ಕತ್ತಲಾಯಿತು. ಊರಿಗೆ ಬಂದರು. ಅಣ್ಣಂದಿರಿಬ್ಬರೂ ಒಳ್ಳೆಯವರೇ. ಅವರು ತಮ್ಮನಿಗೆ ಬೇಜಾರಾಗದಿರಲೆಂದು ಅಟ್ಟದ ಕೆಳಗೆ ಕೂರಿಸಿ ಕಾಯಿ ಕೇಳುವ ಕೆಲಸ ಕೊಟ್ಟರು. ಪರಮೇಶಣ್ಣನ ಕಿವಿಗೆ ಒಂದು ಕಾಯಿಯೂ ತಪ್ಪಲಿಲ್ಲ. ಅಕ್ಕಪಕ್ಕದ ಮನೆಯವರೂ ಕರೆಯತೊಡಗಿದರು. ಆರು ತಿಂಗಳಲ್ಲಿ ಅವರು ಮೇಷ್ಟ್ರು ಪರಮೇಶ ಹೋಗಿ ಕಾಯಿ ಕೇಳೋ ಪರಮೇಶ ಆಗಿದ್ದರು.

"ಕಣ್ಣು ಹೋಗಿದ್ದಕ್ಕೆ ಇಷ್ಟು ಹೆದರಲಿಲ್ಲ ಮೇಡಂ," ಎಂದಿದ್ದರು ಒಮ್ಮೆ. "ಆ ಅಟ್ಟಕ್ಕೆ ಹೆದರ್ತೀನಿ. ಪ್ರೀತಿಯಿಂದಲೇ ಕೂರ್ಸಿರೋದು, ಏಳ್ತೀನಿ ಅನ್ನಕ್ಕೂ ಆಗಲ್ಲ. ಒಂದ್ಸಲ ಅಲ್ಲಿ ಕುಂತು ಅಭ್ಯಾಸ ಆಯ್ತು ಅಂದ್ರೆ ಮುಗೀತು."

ಅವರು ನನ್ನ ಹತ್ತಿರ ಬಂದದ್ದು ಆ ಹೆದರಿಕೆಯಿಂದಲೇ. ಶಿಕ್ಷಕರ ನೇಮಕಾತಿ ಪರೀಕ್ಷೆಯ ಪ್ರಕಟಣೆ ಬರುವುದಿತ್ತು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯದು. ಪುಸ್ತಕಗಳಿದ್ದವು, ಓದಿ ಹೇಳುವವರಿರಲಿಲ್ಲ. ನನ್ನ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೊಣ ಹೊಡೆಯುವ ಹೊತ್ತು. ಆಗ ನಾನು ಗಟ್ಟಿಯಾಗಿ ಓದುವುದು, ಮೂಲೆಯ ಹಳೆ ಕಂಪ್ಯೂಟರು ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು, ಅವರ ಹಾರ್ಡ್‌ಡಿಸ್ಕಿಗೆ ಅದು ಹೋಗುವುದು, ಶನಿವಾರ ಅವರು ಬಸ್ಸಿನಲ್ಲಿ ಬಂದು ಡಿಸ್ಕನ್ನು ಮನೆಗೆ ಒಯ್ಯುವುದು, ಭಾನುವಾರವೆಲ್ಲ ಕೇಳಿ ಸೋಮವಾರ ವಾಪಸು ತರುವುದು ಎಂದು ತೀರ್ಮಾನವಾಯಿತು. ನಾನು ಒಪ್ಪಿದ್ದಕ್ಕೆ ಕಾರಣ ದೊಡ್ಡ ಮನಸ್ಸೇನಲ್ಲ. ನನ್ನ ದನಿ ಚೆನ್ನಾಗಿದೆ ಎಂದು ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ.

ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸುವ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನಾನೋ ಅಲ್ಲಿಯವರೆಗೆ ಗಿರಾಕಿಗಳ ಪೆನ್‌ಡ್ರೈವನ್ನು ಸೀರೆಯ ಪಿನ್ನು ಕೀಳುವ ಹಾಗೆ ಕೀಳುತ್ತಿದ್ದವಳು. "ಕಂಪ್ಯೂಟರು ಬರೆದಾಯ್ತು ಅನ್ನುತ್ತೆ ಮೇಡಂ, ಆದ್ರೆ ಅರ್ಧ ಇನ್ನೂ ಅದರ ಕೈಯಲ್ಲೇ ಇರುತ್ತೆ. ಅದು ಪೂರ್ತಿ ಕೊಟ್ಟು ಕೈ ಬುಡೋವರೆಗೂ ನಾವು ತಾಳಬೇಕು." ಹಾಗೆ ಬಿಡಿಸಲು ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಚಿತ್ರ ಇರುತ್ತದೆ, ಅದನ್ನು ಒತ್ತಬೇಕು. ನನಗೇ ಸರಿಯಾಗಿ ಕಾಣದ ಆ ಚಿತ್ರ ಅವರಿಗೆಲ್ಲಿ ಕಂಡೀತು? ಅದಕ್ಕೆ ಅವರೇ ಒಂದು ಆಜ್ಞೆ ಬರೆದರು. ಮೂಲೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಚಿತ್ರಗಳಿಲ್ಲದ ಕಪ್ಪು ಪರದೆ ತೆರೆದು, ಇಪ್ಪತ್ತು ಸಾಲೂ ಇರದ ಒಂದು ಪುಟ್ಟ ಪ್ರೋಗ್ರಾಮು. ಇಂಗ್ಲಿಷ್ ಅಕ್ಷರದಲ್ಲಿ ಬುಡ್ತಾ ಎಂದು ಐದು ಕೀಲಿ ಒತ್ತಿ ಎಂಟರ್ ಹೊಡೆದರೆ ಸಾಕು. ಅದು ಒಳಗಿರುವುದನ್ನೆಲ್ಲ ಡಿಸ್ಕಿಗೆ ಬರೆದು ಮುಗಿಸಿ, ಬೇರೆ ಯಾವ ಪ್ರೋಗ್ರಾಮೂ ಡಿಸ್ಕನ್ನು ಹಿಡಿದುಕೊಂಡಿಲ್ಲವೆಂದು ನೋಡಿ, ಬಿಡಿಸಿ, ಬಾಯಲ್ಲಿ ಹೇಳುತ್ತದೆ.

ಹೇಳುವ ಬಾಯಿ ನನ್ನದು. ಯಂತ್ರದ ದನಿ ಕನ್ನಡವನ್ನು ಕಡ್ಲೆ ಅಗಿದ ಹಾಗೆ ಅಗಿಯುತ್ತದೆಂದು ಅವರು ನನ್ನಿಂದ ಮೂರು ವಾಕ್ಯ ಓದಿಸಿಕೊಂಡರು. ಒಂದು, "ಇನ್ನೂ ಬಿಟ್ಟಿಲ್ಲ, ತಾಳಿ." ಎರಡು, "ಬಿಟ್ಟಿತು, ಇನ್ನು ತೆಗೆಯಿರಿ." ಮೂರು, "ಇಲ್ಲಿ ಯಾವ ಡ್ರೈವೂ ಇಲ್ಲ." ಮೂರನೆಯದನ್ನು ಓದುವಾಗ ನನಗೆ ನಗು ಬಂತು. ಡ್ರೈವೇ ಸಿಕ್ಕಿಸದೆ ಬುಡ್ತಾ ಎಂದು ಕೇಳುವ ಪೆದ್ದರು ಯಾರಿರುತ್ತಾರೆ ಎಂದೆ.

"ಬೇಕಾಗ್ತದೆ ಬುಡಿ," ಎಂದರು ಪರಮೇಶಣ್ಣ. ಇನ್ನೊಂದು ಸಲ ಓದಿಸದೆ ಆ ನಗುವನ್ನೂ ಹಾಗೇ ಇಟ್ಟುಕೊಂಡರು. ಆ ಪುಟ್ಟ ಪ್ರೋಗ್ರಾಮನ್ನು ತಮ್ಮದೊಂದು ಪೆನ್‌ಡ್ರೈವಿಗೂ ಹಾಕಿಕೊಂಡರು.

ಏಳು ತಿಂಗಳು ಓದಿದೆ. ಮಕ್ಕಳ ಮನೋವಿಜ್ಞಾನ, ಬೋಧನಾ ವಿಧಾನ, ಚರಿತ್ರೆ, ವ್ಯಾಕರಣ. ಪ್ರತಿ ಶನಿವಾರ ಅವರು ಕೇಳುತ್ತಿದ್ದದ್ದು ಒಂದೇ ಮಾತು. "ಇನ್ನೊಂದು ಕಾಪಿ ನಿಮ್ಮ ಕಂಪ್ಯೂಟರಲ್ಲೂ ಇಟ್ಟಿದ್ದೀರಿ ತಾನೇ?" ನಾನು "ಹೂಂ" ಅನ್ನುತ್ತಿದ್ದೆ. ಮೊದಲ ಐದು ತಿಂಗಳು ಅದು ನಿಜವಾಗಿತ್ತು. ಆಮೇಲೆ ಲಗ್ನಪತ್ರಿಕೆಗಳ ಕಾಲ ಬಂತು. ದಿನಕ್ಕೆ ಮೂರು ನಾಲ್ಕು ಡಿಸೈನು, ವಧೂವರರ ದೊಡ್ಡ ದೊಡ್ಡ ಫೋಟೋಗಳು. ಕಂಪ್ಯೂಟರು ಜಾಗವಿಲ್ಲ ಜಾಗವಿಲ್ಲ ಎಂದು ಗೋಳಾಡಿತು. ಡಿಸ್ಕಿನಲ್ಲಿ ಇದ್ದೇ ಇದೆಯಲ್ಲ ಎಂದು ಒಂದು ಮಧ್ಯಾಹ್ನ ಪಾಠಗಳ ಫೋಲ್ಡರನ್ನು ಅಳಿಸಿಬಿಟ್ಟೆ. ಮುಂದಿನ ಶನಿವಾರ ಕೇಳಿದಾಗಲೂ "ಹೂಂ" ಎಂದೆ. ಇಲ್ಲವೆಂದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂಬ ಭಯ. ಹೆದರುಪುಕ್ಕಲರು ಸುಳ್ಳು ಹೇಳುವುದು ಹೆಚ್ಚಾಗಿ ಹೀಗೆಯೇ, ಯಾರಿಗೂ ನೋವಾಗದಿರಲಿ ಎಂದು.

ಪರೀಕ್ಷೆಗೆ ಹತ್ತೊಂಬತ್ತು ದಿನ ಉಳಿದಿತ್ತು. ಶುಕ್ರವಾರ. ಕೊನೆಯ ಪಾಠ ಓದಿ ಮುಗಿಸಿದ್ದೆ. ಮಾರನೆಯ ದಿನ ಪರಮೇಶಣ್ಣ ಬಂದು ಡಿಸ್ಕು ಒಯ್ದರೆ ಮತ್ತೆ ತರುವ ಹಾಗಿರಲಿಲ್ಲ, ಮನೆಯಲ್ಲೇ ಕೂತು ಎಲ್ಲವನ್ನೂ ಎರಡು ಸಲ ಕೇಳುವುದೆಂದು ಗೊತ್ತಾಗಿತ್ತು. ಮೂರೂವರೆಗೆ ಗಾಳಿ ಎದ್ದಿತು. ಬೀದಿಯ ಧೂಳೆಲ್ಲ ಅಂಗಡಿಯೊಳಗೆ ಬಂತು. ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕುಂಯ್, ಕುಂಯ್ ಎಂದು ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು, ಐದಾರು ನಿಮಿಷಕ್ಕಿಂತ ತಡೆಯದು. ನಾನು ಬುಡ್ತಾ ಒತ್ತಿದೆ.

"ಇನ್ನೂ ಬಿಟ್ಟಿಲ್ಲ, ತಾಳಿ," ಎಂದಿತು ನನ್ನದೇ ದನಿ.

ತಾಳಿದೆ. ಮತ್ತೆ ಒತ್ತಿದೆ. "ಇನ್ನೂ ಬಿಟ್ಟಿಲ್ಲ, ತಾಳಿ." ಮಿಂಚಿತು. ಡಿಸ್ಕಿನ ಪುಟ್ಟ ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ಯುಪಿಎಸ್ಸಿನ ಕೂಗು ಜೋರಾಯಿತು. ಕರೆಂಟು ಪೂರ್ತಿ ನಿಂತರೆ ಅರ್ಧ ಬರೆದದ್ದೆಲ್ಲ ಹೋಗುತ್ತದೆಂದು ಪರಮೇಶಣ್ಣ ಹೆದರಿಸಿದ್ದರು. ಮೂರನೆಯ ಸಲ, ನಾಲ್ಕನೆಯ ಸಲ, ಅದೇ ಮಾತು. ರೆಕಾರ್ಡ್ ಮಾಡುವ ಪ್ರೋಗ್ರಾಮನ್ನು ನಾನೇ ಮುಚ್ಚದೆ ಬಿಟ್ಟಿದ್ದೆ, ಡಿಸ್ಕನ್ನು ಹಿಡಿದುಕೊಂಡಿದ್ದದ್ದು ಅದು. ಮುಚ್ಚಿದ್ದರೆ ಮುಗಿಯುತ್ತಿತ್ತು. ಅದು ಹೊಳೆದದ್ದು ಮಾರನೆಯ ದಿನ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ, ಬಿಟ್ಟಿದೆಯೋ ಇಲ್ಲವೋ. ಆ ಪ್ರಶ್ನೆಗೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಉತ್ತರ.

ವೈರು ಸಮೇತ ಡಿಸ್ಕನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿದೆ.

ನಗಬೇಡಿ. ಅಥವಾ ನಗಿ, ನಾನೂ ಎಷ್ಟೋ ಸಲ ನಗಲು ಪ್ರಯತ್ನಿಸಿದ್ದೇನೆ. ಅದರೊಳಗೆ ತಟ್ಟೆಯೊಂದು ಗಿರ್ರನೆ ತಿರುಗುತ್ತಿರುತ್ತದೆ, ಅದರ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ಮುಳ್ಳೊಂದು ಆಡುತ್ತಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಿರ್ ಎಂದಿತು. ಆಮೇಲೆ ಟಕ್, ಟಕ್, ಟಕ್. ಅಟ್ಟದ ಯಾವ ಕಾಯಿಯೂ ಮಾಡದ ಸದ್ದು ಅದು.

ಶನಿವಾರ ಬೆಳಿಗ್ಗೆಯೇ ತಿಪಟೂರಿಗೆ ಹೋಗಿ ರಿಪೇರಿಯವನಿಗೆ ತೋರಿಸಿದೆ. ತಟ್ಟೆ ಗೀಚಿಹೋಗಿದೆ, ಏನೂ ಬರುವುದಿಲ್ಲ ಎಂದ. ಬಸ್ಸಿನಲ್ಲಿ ವಾಪಸು ಬರುವಾಗಲೇ ಪರಮೇಶಣ್ಣನಿಗೆ ಫೋನು ಮಾಡಿದೆ. ಹೇಳಿಬಿಡಬೇಕೆಂದೇ ಮಾಡಿದ್ದು. "ಮೇಡಂ" ಎಂಬ ಅವರ ದನಿ ಕೇಳಿದ್ದೇ ತಡ, ಬಾಯಿ ತಾನಾಗಿ ಬೇರೆ ಮಾತಾಡಿತು. "ಇನ್ನೂ ಕಾಪಿ ಆಗ್ತಾ ಐತೆ ಪರಮೇಶಣ್ಣ. ಕರೆಂಟು ಸರಿಯಿಲ್ಲ. ಮಂಗಳವಾರ ಬನ್ನಿ."

ಸತ್ತ ಡಿಸ್ಕನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಕಾಗದದ ಕಟ್ಟುಗಳ ಹಿಂದೆ ಇಟ್ಟಿದ್ದೆ. ಯಾರಾದರೂ ಕಾಗದ ಕೇಳಿದರೆ ಮುಗಿದಿದೆ ಎಂದುಬಿಡುತ್ತಿದ್ದೆ. ಏನಾದರೂ ಆಗಿ ಮಂಗಳವಾರ ಬರದೇ ಇರಲಿ ಎಂದು, ಬಸ್ಸು ಕೆಟ್ಟುಹೋಗಲಿ ಎಂದು, ನನಗೇ ಜ್ವರ ಬರಲಿ ಎಂದು ಬೇಡಿಕೊಂಡೆ. ಜ್ವರ ಬರಲಿಲ್ಲ. ಮಂಗಳವಾರ ಹನ್ನೊಂದಕ್ಕೆ ಪರಮೇಶಣ್ಣ ಬಂದರು.

ಯಾವಾಗಲೂ ಕೂರುವ ಸ್ಟೂಲಿನ ಮೇಲೆ ಕೂತರು. "ಎಲ್ಲಿಗೆ ಬಂತು?" ಎಂದರು.

"ಆಗ್ತಾ ಐತೆ. ಇನ್ನು ಸ್ವಲ್ಪ."

ಅವರು ಕತ್ತು ಪಕ್ಕಕ್ಕೆ ವಾಲಿಸಿ ಕೂತರು. ಆ ಕಂಪ್ಯೂಟರಿಗೆ ಡಿಸ್ಕು ಸಿಕ್ಕಿಸಿದ್ದರೆ ಬರುವ ಸಣ್ಣ ಗುಂಯ್ ಸದ್ದು ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಒಂದು ಗಳಿಗೆಯಾದ ಮೇಲೆ ಕೈ ಚಾಚಿ ಕೀಬೋರ್ಡನ್ನು ತಡವಿ ಹತ್ತಿರ ಎಳೆದುಕೊಂಡರು. ಐದು ಕೀಲಿ. ಎಂಟರ್.

"ಇಲ್ಲಿ ಯಾವ ಡ್ರೈವೂ ಇಲ್ಲ."

ನನ್ನ ದನಿ. ನನ್ನದೇ ನಗು ಬೆರೆತ ದನಿ. ಅಷ್ಟು ಚಿಕ್ಕ ಅಂಗಡಿಯಲ್ಲಿ ಅದು ಡಂಗುರದ ಹಾಗೆ ಕೇಳಿತು. ಜೆರಾಕ್ಸಿಗೆ ನಿಂತಿದ್ದ ಇಬ್ಬರು ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಬರಿಯ ಮಾತೆಂದು ಅಲ್ಲಿಯವರೆಗೆ ತಿಳಿದಿದ್ದೆ.

ಗಿರಾಕಿಗಳು ಹೋಗುವವರೆಗೆ ಅವರು ಕಾದರು. ಆಮೇಲೆ ಕೈ ಚಾಚಿದರು. ಬಟ್ಟೆ ಬಿಚ್ಚಿ ಡಿಸ್ಕನ್ನು ಅವರ ಅಂಗೈಯಲ್ಲಿಟ್ಟೆ. ಬೆರಳಿನಿಂದ ಅದರ ನಾಲ್ಕೂ ಮೂಲೆ ಸವರಿ, "ಅಲ್ಲಾಡಿಸಿದ್ರಾ?" ಎಂದು ಕೇಳಿದರು.

"ಹೂಂ."

"ಕಾಯಿ ಅಂದ್ಕಂಡ್ರಾ?" ಮೂಗಿನಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. "ಹೋಗ್ಲಿ, ನಿಮ್ಮ ಕಂಪ್ಯೂಟರಲ್ಲಿರೋದು?"

"ಅಳಿಸ್ಬಿಟ್ಟೆ. ಜಾಗ ಇರ್ಲಿಲ್ಲ."

ಈಗ ಅವರ ಮುಖದ ಬಣ್ಣ ಹೋಯಿತು. ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತಾ ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ನಿಧಾನವಾಗಿ ಹೇಳಿದರು. "ಅಲ್ಲಾಡಿಸಿದ್ದು ಭಯಕ್ಕೆ. ಅಳಿಸಿದ್ದು ಅವಸರಕ್ಕೆ. ಅದನ್ನ ಬುಟ್ಟಾಕನ. ನಾಕು ದಿನ ಯಾಕೆ ಹೇಳಲಿಲ್ಲ ಮೇಡಂ? ನಾಕು ದಿನಕ್ಕೆ ಒಂದು ಪುಸ್ತಕ ಓದಬಹುದಿತ್ತಲ್ಲ."

ಇದಕ್ಕಿಂತ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಉಳಿದ ಹದಿನೈದು ದಿನವೂ ಓದಿದೆ. ಅಂಗಡಿಯ ಬಾಗಿಲು ಅರ್ಧ ಎಳೆದು, ಬೆಳಿಗ್ಗೆಯಿಂದ ಸಂಜೆಯ ಕೊನೆಯ ಬಸ್ಸಿನವರೆಗೆ. ರೆಕಾರ್ಡ್ ಮಾಡಲಿಲ್ಲ. ಅವರು ಎದುರಿಗೇ ಕೂತು ಕೇಳಿದರು. ನನ್ನ ಗಂಟಲು ಒಡೆದು ದನಿ ಗಂಡಸಿನ ಹಾಗಾಯಿತು. ಏಳು ತಿಂಗಳ ಓದು ಹದಿನೈದು ದಿನದಲ್ಲಿ ಮುಗಿಯುವುದಾದರೂ ಹೇಗೆ? ಚರಿತ್ರೆಯ ಅರ್ಧ ಉಳಿದೇಹೋಯಿತು. ಪರೀಕ್ಷೆಯ ದಿನ ಬರೆದುಕೊಡುವವರನ್ನು ಕರೆದುಕೊಂಡು ಹೋಗಿ ಬಂದರು. ಹೇಗಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಫಲಿತಾಂಶ ಬಂದ ದಿನ ಊರಿನವರೆಲ್ಲ ಪಟ್ಟಿ ನೋಡಲು ಬರುವುದು ನನ್ನ ಅಂಗಡಿಗೇ. ಪರಮೇಶಣ್ಣ ಮಾತ್ರ ಫೋನು ಮಾಡಿ ನಂಬರು ಹೇಳಿದರು. ಮೇಲಿಂದ ಕೆಳಗೆ ನೋಡಿದೆ. ಕೆಳಗಿಂದ ಮೇಲೆ ನೋಡಿದೆ. ಪಟ್ಟಿಯ ಕೊನೆಯವರಿಗಿಂತ ಅವರಿಗೆ ಮೂರು ಅಂಕ ಕಡಿಮೆ. ಮೂರು ಅಂಕ ಎಂದರೆ ಎಷ್ಟು ಓದು ನೀವೇ ಹೇಳಿ. ನಾಲ್ಕು ದಿನದ್ದು ಇರಲಾರದೇ?

"ಇಲ್ಲ ಪರಮೇಶಣ್ಣ," ಎಂದೆ.

"ಸರಿ ಬುಡಿ," ಎಂದರು. "ಬತ್ತೀನಿ" ಎಂದೂ ಅಂದರು, ಫೋನಿನಲ್ಲಿ. ಆಮೇಲೆ ಬರಲಿಲ್ಲ.

ಇನ್ನೊಂದು ವಿಷಯ ಉಳಿದಿದೆ. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನಮ್ಮ ಮನೆಯವರಿಗೂ. ಎರಡು ಮೂರು ವರ್ಷವಾದ ಮೇಲೆ ಒಂದು ದಿನ ತುರುವೇಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಪರಮೇಶಣ್ಣ ನಿಂತಿದ್ದರು. ನಾನು ಹತ್ತಬೇಕಾದ ಬಸ್ಸು ಅವರ ಹಿಂದೆಯೇ ನಿಂತಿತ್ತು. ಮಾತಾಡಿಸಬೇಕಿತ್ತು. ಮಾತಾಡಿಸಲಿಲ್ಲ. ಅವರಿಗೆ ಕಾಣುವುದಿಲ್ಲವೆಂಬುದನ್ನು ನಾನು ಉಪಯೋಗಿಸಿಕೊಂಡೆ. ಒಂದು ಕೈಯ ಬಳೆ ಸದ್ದಾಗದಂತೆ ಇನ್ನೊಂದು ಕೈಯಿಂದ ಹಿಡಿದು, ಚಪ್ಪಲಿಯನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಇಡುತ್ತಾ, ಒಂದು ಮೊಳ ದೂರದಲ್ಲಿ ಅವರನ್ನು ದಾಟಿ ಬಸ್ಸು ಹತ್ತಿದೆ. ಅವರ ಕತ್ತು ಪಕ್ಕಕ್ಕೆ ವಾಲಿತೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ಅಂದಿನಿಂದ ದಬ್ಬೇಘಟ್ಟದ ಕಡೆಯ ಬಸ್ಸು ಕಂಡರೆ ಅಂಗಡಿಯೊಳಗೆ ಹೋಗುತ್ತೇನೆ. ಅವರು ಇನ್ನೂ ಅದೇ ಅಟ್ಟದ ಕೆಳಗೆ ಕೂತಿದ್ದಾರೆಯೇ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಡುತ್ತಾರೆ.

ಇಷ್ಟೆಲ್ಲ ಮೊನ್ನೆ ಮೇಜಿನ ಕೆಳಗೆ ಆಧಾರ್ ಕಾರ್ಡು ಹುಡುಕುತ್ತಿದ್ದ ನನ್ನ ತಲೆಯಲ್ಲಿ ಓಡಿತು. ಎದ್ದು ನಿಂತಾಗ ಯಂತ್ರ ಕಾದು ಹಸಿರು ದೀಪ ಬಂದಿತ್ತು. ಆ ಹೆಣ್ಣುಮಗಳು ಇನ್ನೂ ನಗುಮುಖದಲ್ಲಿ ಕಾಯುತ್ತಿದ್ದಳು. ಇವಳಿಗೆ ಗೊತ್ತಿದೆ ಅನ್ನಿಸಿತು. ಮೂರನೆಯ ವಾಕ್ಯವನ್ನೂ ದಿನಾ ಕೇಳುತ್ತಾಳೆ, ಅದರ ಕಥೆಯನ್ನೂ ಕೇಳಿರುತ್ತಾಳೆ.

"ಹೌದು, ನಾನೇ," ಎಂದೆ.

"ಅಂದ್ಕಂಡೆ! ಪರಮೇಶ್ ಸಾರ್ ಹತ್ರ ಕಲೀತೀನಿ ನಾನು, ಕಂಪ್ಯೂಟರು. ನಾಕು ಜನ ಇದೀವಿ, ಎಲ್ರೂ ನನ್ನ ಥರದೋರೇ. ಸಾರ್ ಮೊದಲನೇ ದಿನವೇ ಬುಡ್ತಾ ಹೇಳ್ಕೊಡೋದು. ಡ್ರೈವನ್ನ ಸರಿಯಾಗಿ ಬುಡಿಸಕ್ಕೆ ಬರದೋರಿಗೆ ಬೇರೆ ಏನೂ ಹೇಳ್ಕೊಡಲ್ಲ ಅಂತಾರೆ."

ಕಾರ್ಡನ್ನು ಗಾಜಿನ ಮೇಲೆ ಉಲ್ಟಾ ಇಟ್ಟೆ, ಸರಿ ಮಾಡಿದೆ. ಹನ್ನೆರಡು ವರ್ಷ ಕೇಳದ ಪ್ರಶ್ನೆಯನ್ನು ಕೇಳಿದೆ. "ಕಾಯಿ ಕೇಳೋದು ಬಿಟ್ರಾ?"

"ಎಲ್ಲಿ ಬುಡ್ತಾರೆ? ಬೆಳಿಗ್ಗೆ ಹೊತ್ತು ಕಾಯಿ, ಮಧ್ಯಾಹ್ನದ ಮೇಲೆ ನಾವು. ಅಟ್ಟದ ಕೆಳಗೇ ಬೆಂಚು ಹಾಕವ್ರೆ. ಕೊಬ್ಬರಿ ವಾಸನೆಲೇ ನಮ್ಮ ಪಾಠ."

ಅರ್ಧ ಸಮಾಧಾನ, ಅರ್ಧ ಸಂಕಟ. ಯಂತ್ರದ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ನಾನು ಹೆದರಿಕೊಂಡೇ ಇದ್ದೆ. ಬಾಯಿಬಿಟ್ಟು ಕೇಳಿಯೇಬಿಟ್ಟೆ. "ಅದರಲ್ಲಿ ಇನ್ನೊಂದು ಮಾತು ಬರ್ತದಲ್ಲ. ಡ್ರೈವ್ ಹಾಕದೇ ಒತ್ತಿದ್ರೆ."

"'ಇಲ್ಲಿ ಯಾವ ಡ್ರೈವೂ ಇಲ್ಲ.' ಅದಾ?" ಎಂದಳು ಅವಳು. "ಅದು ನಿಮ್ಮ ದನಿ ಅಲ್ಲ. ಅದೊಂದು ಮಾತ್ರ ಸಾರ್‌ದು. ಯಾಕೆ ಸಾರ್, ಮೂರೂ ಆ ಮೇಡಂ ದನಿಯಲ್ಲೇ ಇಡಬಹುದಿತ್ತಲ್ಲ ಅಂತ ನಾನೇ ಒಂದ್ಸಲ ಕೇಳ್ದೆ. ಅದನ್ನ ಅವರ ಬಾಯಲ್ಲಿ ಇನ್ನೊಂದ್ಸಲ ಹೇಳಿಸಬಾರದು ಕಣಮ್ಮ ಅಂದ್ರು. ಯಾಕೆ ಅಂತ ಹೇಳಲಿಲ್ಲ."

ನಾನು ಕೈ ಮೇಜಿಗೆ ಊರಿದೆ. ಎದುರಿಗಿದ್ದವರಿಗೆ ನಾನು ಕಾಣುವುದಿಲ್ಲವೆಂಬುದಕ್ಕೆ, ಬಸ್‌ಸ್ಟ್ಯಾಂಡಿನ ಆ ದಿನದ ಮೇಲೆ, ಎರಡನೆಯ ಸಲ ಋಣಿಯಾದೆ, ಈ ಸಲ ಬೇರೆ ಕಾರಣಕ್ಕೆ. ಆದರೆ ಉಸಿರು ಕೇಳಿಸಿರಬೇಕು. ಅವಳು ನಗು ನಿಲ್ಲಿಸಿ, ಮೆತ್ತಗೆ ಕೇಳಿದಳು.

"ಸಾರ್‌ಗೆ ಏನಾದ್ರೂ ಹೇಳಬೇಕಾ?"

ಹೇಳುವುದು ಏನೂ ಇಲ್ಲ ಎಂದುಬಿಡಬಹುದಿತ್ತು. ಆ ಮಾತು ತುಟಿಯವರೆಗೆ ಬಂದಿತ್ತು. ಹನ್ನೆರಡು ವರ್ಷದ ಅಭ್ಯಾಸ. ಜೆರಾಕ್ಸಿನ ಎರಡು ಹಾಳೆ ಅವಳ ಕೈಗೆ ಕೊಡುತ್ತಾ, ಬಳೆ ಸದ್ದಾದರೆ ಆಗಲಿ ಎಂದು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಭಾನುವಾರ ಒಂಬತ್ತರ ಬಸ್ಸಿಗೆ ನಾನೇ ಬತ್ತೀನಿ ಅಂತ ಹೇಳಮ್ಮ," ಎಂದೆ. "ಬಸ್‌ಸ್ಟ್ಯಾಂಡಿನ ವಿಷಯ ಒಂದು ಹೇಳೋದೈತೆ ಅಂತ ಹೇಳು."

ಅವಳು ಕೋಲು ತಟ್ಟುತ್ತಾ ಮೆಟ್ಟಿಲಿಳಿದು ಹೋದಳು. ಇವತ್ತು ಶನಿವಾರ. ನಾಳೆ ಅವರು ಕತ್ತು ವಾಲಿಸಿ ನನ್ನ ಮಾತು ಕೇಳಿ ಏನು ಹೇಳುತ್ತಾರೋ ಗೊತ್ತಿಲ್ಲ. ಆದರೆ ಈ ಸಲ ನಾಲ್ಕು ದಿನ ಕಾಯಲಿಲ್ಲವೆಂದು ಸುಳ್ಳು ಹೇಳಲಾರೆ. ಮಂಗಳವಾರದಿಂದ ಲೆಕ್ಕ ಹಾಕಿದರೆ ನಾಳೆಗೆ ಐದಾಗುತ್ತದೆ. ಅದನ್ನೂ ಹೇಳುತ್ತೇನೆ.